ಬೀಗ ಬಿದ್ದಿದ್ದ ಬಂಗಲೆ ಕಲಾಕೇಂದ್ರವಾದ ಬಗೆ: ಮೈಸೂರಿನ ಒಂದು ಪ್ರಕರಣ

ಇದು ಮೈಸೂರಿನ ಹಳೇ ಬಡಾವಣೆಯೊಂದರಲ್ಲಿರುವ ಮನೆಯ ಕತೆ. ಮನೆಯ ಹೆಸರು, ಬೀದಿ, ಮನೆತನ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತದಿರಲಿ ಅಂತ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಆರ್ಕಿಟೆಕ್ಟ್ ಅಲ್ಲ, ಕಲಾವಿದನೂ ಅಲ್ಲ. ಬ್ಯಾಂಕಿನಿಂದ ನಿವೃತ್ತನಾದವನು. ಈ ಮನೆ ಉಳಿಸಿಕೊಳ್ಳಲು ಮಾಡಿಕೊಂಡ ಟ್ರಸ್ಟಿನ ಲೆಕ್ಕ ಬರೆಯುವುದಕ್ಕೆ ಯಾರೂ ಸಿಗದೆ ನನ್ನನ್ನು ಕರೆದರು. ಹಾಗಾಗಿ ಇಲ್ಲಿ ಕಮಾನು ಕಂಬಗಳ ಚೆಂದಕ್ಕಿಂತ ಕಾಗದಪತ್ರ, ದುಡ್ಡು, ಜಗಳಗಳೇ ಜಾಸ್ತಿ. ಇಂಥ ಮನೆ ಇಟ್ಟುಕೊಂಡು ತಲೆ ಕೆಡಿಸಿಕೊಂಡವರಿಗೆ ಬೇಕಾಗುವುದೂ ಅದೇ.

ಮನೆ ಮತ್ತು ಮನೆಯವರು

1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಹೋಯಿತು. ಅದರ ಬೆನ್ನಿಗೇ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಕೇರಿಗಳಲ್ಲಿ ಇನ್ನು ಬದುಕುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಾಯಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂದ ಮೇಲೆ ಅಗಲ ರಸ್ತೆ, ದೊಡ್ಡ ನಿವೇಶನಗಳ ಹೊಸ ಬಡಾವಣೆಗಳು ಎದ್ದವು. ಸಂಸ್ಥಾನದ ಅಧಿಕಾರಿಗಳು, ವಕೀಲರು ಅಲ್ಲಿ ಬಂಗಲೆ ಕಟ್ಟಿಸಿದರು. ನಮ್ಮ ಮನೆಯೂ ಆ ಕಾಲದ್ದೇ. ಮುಂದೆ ಪೋರ್ಟಿಕೋ, ಎರಕದ ಕಬ್ಬಿಣದ ಕಂಬಗಳ ವರಾಂಡ, ಬಣ್ಣದ ಗಾಜಿನ ಕಿಟಕಿ. ದೊಡ್ಡ ಹಾಲ್ ದಾಟಿ ಒಳಗೆ ಹೋದರೆ ಅಪ್ಪಟ ತೊಟ್ಟಿಮನೆ. ಆಫೀಸಿನ ಠೀವಿ ಮುಂದೆ, ಮಡಿ ಅಡುಗೆ ಹಿಂದೆ. ಪಕ್ಕದಲ್ಲಿ ಸಾರೋಟು ನಿಲ್ಲಿಸುವ ಕೊಟ್ಟಿಗೆ, ಹಿಂದೆ ಬಾವಿ, ಔಟ್‌ಹೌಸ್.

ಕಟ್ಟಿಸಿದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅಂತ ನಾಲ್ಕು ಕವಲು. ಅರ್ಧ ಜನ ಬೆಂಗಳೂರು, ಉಳಿದವರಲ್ಲಿ ಸುಮಾರು ಜನ ಅಮೆರಿಕ. ಊರಲ್ಲಿ ಉಳಿದದ್ದು ಹಿರಿಯ ಸೊಸೆ ಒಬ್ಬರೇ. ಎಲ್ಲರೂ ಅವರನ್ನು ಅಜ್ಜಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅವರೂ ಆ ಮನೆಯಲ್ಲಿರಲಿಲ್ಲ, ಎರಡು ಬೀದಿ ಆಚೆ ಸಣ್ಣ ಮನೆಯಲ್ಲಿದ್ದರು. ಬಂಗಲೆಗೆ ಎಷ್ಟೋ ವರ್ಷಗಳಿಂದ ಬೀಗ. ಅದಕ್ಕೂ ಮೊದಲು ಅದನ್ನು ಒಂದು ಕಚೇರಿಗೆ ಬಾಡಿಗೆ ಕೊಟ್ಟಿದ್ದರು. ಔಟ್‌ಹೌಸಿನಲ್ಲಿ ಕಾವಲುಗಾರನ ಸಂಸಾರ ಮಾತ್ರ ಉಳಿದಿತ್ತು. ಅವನ ಅಪ್ಪನೂ ಅಲ್ಲೇ ಕೆಲಸಕ್ಕಿದ್ದವನು.

ಒಂದು ಮಳೆಗಾಲದಲ್ಲಿ ಹಿಂದಿನ ಕೋಣೆಯ ಚಾವಣಿಯ ಮೂಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಕ್ಕದವರು ದೂರು ಕೊಟ್ಟರು. ಹಾವು, ಕಸ, ಈಗ ಗೋಡೆ ಬೇರೆ ಬೀಳುತ್ತಿದೆ ಅಂತ. ಪಾಲಿಕೆಯಿಂದ ಅಪಾಯದ ಕಟ್ಟಡ ಅನ್ನುವ ನೋಟಿಸು ಬಂತು. ದುರಸ್ತಿ ಮಾಡಿ, ಇಲ್ಲ ಕೆಡವಿ. ಅದನ್ನು ತಪ್ಪು ಅನ್ನುವ ಹಾಗಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋಗಿತ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಕುಸಿಯಿತು. ಅದಾದ ಮೇಲೆ ಈ ಊರಲ್ಲಿ ಹಳೆಯ ಕಟ್ಟಡ ಅಂದರೆ ಅಧಿಕಾರಿಗೂ ಭಯ, ಮಾಲೀಕನಿಗೂ ಭಯ.

ನೋಟಿಸಿನ ಹಿಂದೆಯೇ ಒಬ್ಬ ಬಿಲ್ಡರ್ ಬಂದ. ಜಾಗ ಕೊಟ್ಟರೆ ಅಪಾರ್ಟ್‌ಮೆಂಟ್, ಪ್ರತಿ ಕವಲಿಗೂ ಎರಡೆರಡು ಫ್ಲಾಟ್. ಬೆಂಗಳೂರಿನವರು ಬಹುತೇಕ ಒಪ್ಪಿದ್ದರು. ಅಜ್ಜಿ ಒಪ್ಪಲಿಲ್ಲ. "ನಾನು ಮಾರಲ್ಲ. ಹಾಗಂತ ಅದು ಬೀಳೋದನ್ನ ನೋಡ್ಕೊಂಡು ಕೂರೋಕೂ ಆಗಲ್ಲ. ಏನಾದ್ರೂ ಮಾಡಿ" ಅಂದರು. ಏನು ಮಾಡಬೇಕು ಅಂತ ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಮೊದಲು ಹಿಡಿದ ದಾರಿಗಳು

ಬೀದಿಯ ಒಂದಷ್ಟು ಜನ, ಒಬ್ಬ ರಂಗಕರ್ಮಿ, ಒಬ್ಬರು ವೀಣೆ ಮೇಷ್ಟ್ರು, ಚಿತ್ರಕಲೆ ಕಲಿಸುವ ಒಬ್ಬ ಹುಡುಗಿ ಸೇರಿ ಮೊದಲು ಮಾಡಿದ್ದು ಮನವಿ ಕೊಡುವ ಕೆಲಸ. ಸರ್ಕಾರ ಇದನ್ನು ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿಸಲಿ, ದುರಸ್ತಿ ಮಾಡಿಸಲಿ ಅಂತ. ಅವರ ಮನಸ್ಸಿನಲ್ಲಿ ಮಾದರಿಗಳಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಜಯಲಕ್ಷ್ಮಿ ವಿಲಾಸ ಬಂಗಲೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಒಡೆಯಲು ಶುರುಮಾಡಿದಾಗ ಗಲಾಟೆಯಾಗಿ, ಕೊನೆಗೆ ಪಾಲಿಕೆ ಕೊಂಡು ದುರಸ್ತಿ ಮಾಡಿ, 2016ರಲ್ಲಿ ಮ್ಯೂಸಿಯಂ ತೆರೆಯಿತು. ನಮ್ಮದೂ ಹಾಗೇ ಆಗಬಾರದೇಕೆ ಅನ್ನುವುದು ಅವರ ವಾದ.

ಆದರೆ ಒಂದು ವಿಶ್ವವಿದ್ಯಾನಿಲಯದ ಆಸ್ತಿ. ಇನ್ನೊಂದು ದೇಶಕ್ಕೆಲ್ಲ ಗೊತ್ತಿರುವ ಲೇಖಕರ ಮನೆ. ನಮ್ಮದು ಖಾಸಗಿ ಮನೆ, ಕಟ್ಟಿಸಿದವರ ಹೆಸರು ಬಡಾವಣೆ ದಾಟಿದರೆ ಯಾರಿಗೂ ಗೊತ್ತಿಲ್ಲ. ಪಟ್ಟಿಗೆ ಸೇರಿದರೆ ಕೆಡವುವುದು ಕಷ್ಟವಾಗಬಹುದು, ಚಾವಣಿ ದುರಸ್ತಿಗೆ ದುಡ್ಡು ಮಾತ್ರ ಅದರಿಂದ ಬರುವುದಿಲ್ಲ. ಅದೂ ಅಲ್ಲದೆ ಪಟ್ಟಿಯ ಸುದ್ದಿ ಕೇಳಿದ್ದೇ ಬೆಂಗಳೂರಿನ ಕವಲಿನವರು ಗಾಬರಿಯಾದರು. ನಮ್ಮ ಆಸ್ತಿಯನ್ನು ಸರ್ಕಾರ ನುಂಗುತ್ತದೆ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ವಾರ ಜಗಳ. ಮನವಿ ಅಲ್ಲಿಗೇ ನಿಂತಿತು.

ಎರಡನೆಯದು ಒಬ್ಬ ದಾನಿ. ಪೂರ್ತಿ ಖರ್ಚು ತಾನೇ ಕೊಡುತ್ತೇನೆ ಅಂದರು. ಬದಲಿಗೆ ಮುಂಭಾಗದಲ್ಲಿ ತಂದೆಯವರ ಹೆಸರಿನ ದೊಡ್ಡ ಫಲಕ, ಹಾಲಿಗೆ ಎಸಿ, ಹಿಂದಿನ ತೊಟ್ಟಿ ಮುಚ್ಚಿ ಮದುವೆ ಊಟದ ಹಾಲ್. ಎಷ್ಟೋ ಜನ ಇದೇ ಸರಿ ಅಂದರು. ಅಜ್ಜಿ ಒಂದೇ ಪ್ರಶ್ನೆ ಕೇಳಿದರು: "ತೊಟ್ಟಿ ಮುಚ್ಚಿದ್ರೆ ಮಳೆ ನೀರು ಎಲ್ಲಿ ಹೋಗತ್ತೆ?" ದಾನಿಯ ಹತ್ತಿರ ಉತ್ತರ ಇರಲಿಲ್ಲ. ಅವರ ಇಂಜಿನಿಯರ್ ಹತ್ತಿರವೂ ಇರಲಿಲ್ಲ. ಮನೆಯ ಮುಕ್ಕಾಲು ಭಾಗದ ಚಾವಣಿ ನೀರು ತೊಟ್ಟಿಗೆ ಇಳಿದು, ಅಲ್ಲಿಂದ ಕಲ್ಲಿನ ಮೋರಿಯಲ್ಲಿ ಆಚೆ ಹೋಗುವಂತೆ ಕಟ್ಟಿದ್ದರು. ಅದನ್ನು ಮುಚ್ಚಿದರೆ ಮನೆಯ ನೀರು ಮನೆಯ ಗೋಡೆಗೇ ಇಳಿಯುತ್ತದೆ. ದಾನಿ ಬೇಸರದಿಂದ ಹಿಂದೆ ಸರಿದರು.

ಕಾಗದ ಬಿಚ್ಚಿದ ದಿನಗಳು

ನಾನು ಒಳಗೆ ಬಂದದ್ದು ಈ ಹಂತದಲ್ಲಿ. ಮನೆ ನೋಡುವ ಮೊದಲು ಕಾಗದ ತೋರಿಸಿ ಅಂದೆ. ಬ್ಯಾಂಕಿನ ಅಭ್ಯಾಸ. ಸಾಲ ಕೊಡುವಾಗ ನಾವು ಮೊದಲು ನೋಡುತ್ತಿದ್ದದ್ದು ಅದನ್ನೇ ಅಲ್ವಾ?

ಹಳೆಯ ಪಾಲುಪಟ್ಟಿಯೊಂದು ಸಿಕ್ಕಿತು. ಅದರ ಪ್ರಕಾರ ಮುಂದಿನ ಕಟ್ಟಡ, ತೊಟ್ಟಿ, ಸಾರೋಟಿನ ಕೊಟ್ಟಿಗೆ ಮೂರು ಕವಲುಗಳಿಗೆ ಸೇರಿತ್ತು. ಬಾವಿ, ಔಟ್‌ಹೌಸ್, ಹಿಂದಿನ ಖಾಲಿ ಜಾಗ ನಾಲ್ಕನೇ ಕವಲಿಗೆ. ಆ ನಾಲ್ಕನೆಯವರೇ ಬಿಲ್ಡರ್ ಕಡೆ ಗಟ್ಟಿಯಾಗಿ ನಿಂತವರು. ಪಾಲುಪಟ್ಟಿಯೇ ಸರಿಯಿಲ್ಲ ಅಂತ ಅವರು ಕೋರ್ಟಿಗೂ ಹೋದರು.

ಇಲ್ಲಿ ವಕೀಲರು ಕೊಟ್ಟ ಸಲಹೆ ದೊಡ್ಡದು. ನಾಲ್ಕೂ ಕವಲು ಒಪ್ಪುವವರೆಗೆ ಕಾಯುತ್ತಾ ಕೂತರೆ ಮನೆ ಉಳಿಯುವುದಿಲ್ಲ, ಮೂವರ ಪಾಲಿಗೆ ಬಂದಿರುವ ಭಾಗವನ್ನು ಮಾತ್ರ ಟ್ರಸ್ಟಿಗೆ ಗುತ್ತಿಗೆ ಕೊಡಿ ಅಂದರು. ಮಾರಾಟ ಇಲ್ಲ, ದಾನ ಇಲ್ಲ. 15 ವರ್ಷದ ಗುತ್ತಿಗೆ, ಹೆಸರಿಗೊಂದು ಬಾಡಿಗೆ. ಆಸ್ತಿ ಮನೆಯವರದ್ದಾಗಿಯೇ ಇರುತ್ತದೆ ಅಂತ ಬರಹದಲ್ಲಿ ನೋಡಿದ ಮೇಲೆ ಬೆಂಗಳೂರಿನವರ ಗಾಬರಿ ಇಳಿಯಿತು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮುದ್ರಾಂಕದ ಖರ್ಚು ಉಳಿಸಲು 11 ತಿಂಗಳ ಕರಾರು ಮಾಡಿ ವರ್ಷವರ್ಷವೂ ಮುಂದುವರಿಸೋಣ ಅಂತ ಕೆಲವರು ಹೇಳಿದರು. ನಾನು ಕೈ ಅಡ್ಡ ಹಿಡಿದೆ. 11 ತಿಂಗಳ ಕಾಗದ ನಂಬಿ ಯಾರೂ ಚಾವಣಿಗೆ ದುಡ್ಡು ಹಾಕುವುದಿಲ್ಲ.

ಅದೇ ಸಮಯಕ್ಕೆ ಇನ್ನೊಂದು ತೀರ್ಮಾನ ಆಗಬೇಕಿತ್ತು. ಔಟ್‌ಹೌಸ್ ನಾಲ್ಕನೆಯವರ ಪಾಲಿನದ್ದಾದ್ದರಿಂದ ಕಾವಲುಗಾರನ ಸಂಸಾರವನ್ನು ಅವರು ಎಬ್ಬಿಸಲು ನೋಡುತ್ತಿದ್ದರು. ನಮಗೇಕೆ ಅವರ ತಂಟೆ ಅಂತ ಟ್ರಸ್ಟಿನಲ್ಲೂ ಇಬ್ಬರು ಹೇಳಿದರು. ಆದರೆ ಯಾವ ಗೋಡೆ ಯಾವ ಮಳೆಗೆ ಒದ್ದೆಯಾಗುತ್ತದೆ, ಯಾವ ಬಾಗಿಲಿನ ಚಿಲಕ ಕೈಕೊಡುತ್ತದೆ, ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಗೊತ್ತಿದ್ದವನು ಆತ ಒಬ್ಬನೇ. ಟ್ರಸ್ಟ್ ಅವನನ್ನು ಸಂಬಳದ ಮೇಲೆ ಇಟ್ಟುಕೊಂಡು, ಮನೆಯ ಪಕ್ಕದ ಎರಡು ಕೋಣೆ ಬಿಟ್ಟುಕೊಟ್ಟಿತು. ಇಡೀ ಪ್ರಕರಣದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ತಂದ ತೀರ್ಮಾನ ಇನ್ನೊಂದಿಲ್ಲ. ಮುಂದೆ ಎಷ್ಟೋ ತಜ್ಞರು ಬಂದು ಹೋದರು. ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹಾಕಿದವನು ಇವನೇ.

ಚಾವಣಿ

ದುಡ್ಡು ಇದ್ದದ್ದು ಸ್ವಲ್ಪ. ಬೀದಿಯವರು, ಮನೆಯ ಮೂರು ಕವಲಿನವರು ಸೇರಿ ಹಾಕಿದ್ದು. ಮೊದಲು ಏನು ಮಾಡಬೇಕು ಅಂತ ಸಭೆ ಸೇರಿತು. ಮುಂಭಾಗಕ್ಕೆ ಬಣ್ಣ ಹೊಡೆದರೆ ಜನಕ್ಕೆ ನಂಬಿಕೆ ಬರುತ್ತದೆ, ದಾನಿಗಳು ಬರುತ್ತಾರೆ ಅಂತ ಒಂದು ಗುಂಪು. ರಂಗಕರ್ಮಿ ಮಾತ್ರ ಚಾವಣಿ ಅಂದರು. ಅವರು ನಾಟಕದ ಸಾಮಾನು ಒದ್ದೆ ಮಾಡಿಕೊಂಡು ಅನುಭವ ಇದ್ದವರು. ವಾದ ಒಂದು ಸಂಜೆ ಪೂರ್ತಿ ನಡೆದು, ಬಣ್ಣ ಕೊನೆಗೆ ಅಂತ ಆಯಿತು. ಇವತ್ತಿಗೂ ಮುಂಭಾಗದ ಬಣ್ಣ ಪೂರ್ತಿ ಆಗಿಲ್ಲ, ಯಾರೂ ಅದನ್ನು ಕೇಳಿಲ್ಲ.

ಮನೆಯದ್ದು ಮದ್ರಾಸ್ ತಾರಸಿ. ತೇಗದ ಜಂತೆಗಳನ್ನು ಒಂದೊಂದೂವರೆ ಅಡಿಗೆ ಒಂದರಂತೆ ಕೂರಿಸಿ, ಅವುಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಅಡ್ಡಡ್ಡ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ದಪ್ಪ ಪದರ. ಅದನ್ನು ಆಳುಗಳು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾರೆ. ಕೊನೆಗೆ ಮೇಲೆ ಚಪ್ಪಟೆ ಬಿಲ್ಲೆ. ಸರಿಯಾಗಿ ಮಾಡಿದರೆ ನೂರು ವರ್ಷಕ್ಕೆ ಏನೂ ಆಗುವುದಿಲ್ಲ. ನಮ್ಮದಕ್ಕೆ ಆದದ್ದು ಹಿಂದಿನ ಬಾಡಿಗೆದಾರರಿಂದ. ಸೋರುತ್ತಿದೆ ಅಂತ ಮೇಲೆ ಸಿಮೆಂಟ್ ಕಾಂಕ್ರೀಟ್ ಹಾಕಿ, ಅದರ ಮೇಲೆ ತಾರು ಹಾಳೆ ಅಂಟಿಸಿದ್ದರು. ಭಾರವೂ ಹೆಚ್ಚಿತು, ಬಿರುಕಿನಲ್ಲಿ ಇಳಿದ ನೀರಿಗೆ ಆರುವ ದಾರಿಯೂ ಮುಚ್ಚಿತು. ಗೋಡೆಯೊಳಗೆ ಕೂತ ಜಂತೆಯ ತುದಿಗಳು ಕೊಳೆತವು.

ಮೊದಲು ಬಂದ ಇಂಜಿನಿಯರ್ ನೋಡಿದ ತಕ್ಷಣ ಎಲ್ಲ ತೆಗೆದು ಆರ್‌ಸಿಸಿ ಹಾಕಿ ಅಂದರು. ಅವರ ಮಟ್ಟಿಗೆ ಅದು ಪ್ರಾಮಾಣಿಕ ಸಲಹೆ. ಹಳೆಯ ಜಂತೆ ಎಷ್ಟು ಭಾರ ತಡೆಯುತ್ತದೆ ಅಂತ ಸಹಿ ಹಾಕಿ ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಕಾವಲುಗಾರನೇ ನಂಜನಗೂಡು ಕಡೆಯ ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯನ್ನು ಕರೆತಂದ. ದೇವಸ್ಥಾನದ ಕೆಲಸ ಮಾಡಿದವರು. ಅವರು ಏಣಿ ಹತ್ತಿ, ಸುತ್ತಿಗೆಯ ಹಿಡಿಯಿಂದ ಪ್ರತಿ ಜಂತೆಯನ್ನೂ ಗೋಡೆಯ ಕಡೆಯಿಂದ ನಡುವಿನ ತನಕ ಕುಟ್ಟುತ್ತಾ ಬಂದರು. ನಡುವೆ ಟಣ್ ಅನ್ನುತ್ತಿತ್ತು, ಗೋಡೆಯ ಹತ್ತಿರ ಸದ್ದು ಮಂದವಾಗುತ್ತಿತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೆಲವಕ್ಕೆ ಒಂದು ಗೆರೆ, ಕೆಲವಕ್ಕೆ ಎರಡು, ಪೂರ್ತಿ ಹೋದದ್ದಕ್ಕೆ ಅಡ್ಡ ಗೀಟು. ಕೆಳಗಿಳಿದು, "ಇದು ಸತ್ತಿಲ್ಲ ಕಣ್ ಸಾ. ಮೂಲೆ ಕೊಳ್ತದೆ ಅಷ್ಟೇ" ಅಂದರು.

ಅಷ್ಟಕ್ಕೇ ನಂಬಿ ಕೆಲಸ ಶುರುಮಾಡಲಿಲ್ಲ. ಹಳೆಯ ಕಟ್ಟಡಗಳ ಅನುಭವ ಇದ್ದ ಇನ್ನೊಬ್ಬ ಇಂಜಿನಿಯರನ್ನು ಕರೆಸಿ, ಮೇಸ್ತ್ರಿ ಗುರುತು ಹಾಕಿದ ಕಡೆ ಸಣ್ಣ ತೂತು ಕೊರೆಸಿ ನೋಡಿದೆವು. ಮೇಸ್ತ್ರಿಯ ಗುರುತುಗಳು ಬಹುಪಾಲು ಸರಿಯಾಗಿದ್ದವು. ತೀರ್ಮಾನ ಮೂರು ತೆರನಾಯಿತು. ಹಾಲ್ ಮತ್ತು ವರಾಂಡದ ಮೇಲಿನ ಕಾಂಕ್ರೀಟ್ ಪದರ ಮಾತ್ರ ಎಬ್ಬಿಸಿ, ಕೆಳಗಿನ ಹಳೆಯ ತಾರಸಿ ಉಳಿಸುವುದು. ತುದಿ ಕೊಳೆತ ಜಂತೆಗಳಿಗೆ ಹೊಸ ತೇಗದ ತುಂಡು ಬೆಸೆದು, ಕೆಳಗೆ ಕಬ್ಬಿಣದ ಆಸರೆ ಕೊಡುವುದು. ಬಿದ್ದುಹೋಗಿದ್ದ ಹಿಂದಿನ ಕೋಣೆಗೆ ಹೊಸ ಉಕ್ಕಿನ ತೊಲೆ, ಮೇಲೆ ಹಗುರ ಶೀಟಿನ ಚಾವಣಿ, ಬಚ್ಚಿಡದೆ ಹಾಗೇ ಕಾಣುವಂತೆ.

ಈ ಮೂರನೆಯದಕ್ಕೆ ಪರಂಪರೆ ಪ್ರೀತಿಯವರು ಸಿಟ್ಟಾದರು. ಅಲ್ಲೂ ಮದ್ರಾಸ್ ತಾರಸಿಯನ್ನೇ ಮತ್ತೆ ಕಟ್ಟಬೇಕಿತ್ತು ಅಂತ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಒಂದು ಕೋಣೆಯ ಹೊಸ ತಾರಸಿಯ ದುಡ್ಡಿನಲ್ಲಿ ಇಡೀ ಹಾಲಿನ ದುರಸ್ತಿ ಮುಗಿಯುತ್ತಿತ್ತು. ಯಾವುದು ಹಳೆಯದು ಯಾವುದು ಹೊಸದು ಅಂತ ನೋಡಿದವರಿಗೆ ಗೊತ್ತಾದರೆ ಅದರಲ್ಲಿ ಮೋಸ ಏನಿದೆ?

ಗೋಡೆ ಬೆವರಿದ ಮಳೆಗಾಲ

ಚಾವಣಿ ಆದ ಮೇಲೆ ಗೋಡೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆಗೆ ಕೆಳಗಿನ ನಾಲ್ಕಡಿ ಸಿಮೆಂಟ್ ಗಿಲಾವು ಬಡಿದಿದ್ದರು. ತೇವಕ್ಕೆ ಮದ್ದು ಅಂತ ಮಾಡಿದ್ದು ಅದು. ಹಳೆಯ ಗೋಡೆ ನೆಲದ ತೇವವನ್ನು ಹೀರಿ, ಸುಣ್ಣದ ಗಿಲಾವಿನ ಮೂಲಕ ಗಾಳಿಗೆ ಬಿಡುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ತಡೆದ ತೇವ ಸುಮ್ನೆ ಇರುತ್ತದೆಯೇ? ಮೇಲೇರಿ ಸಿಮೆಂಟ್ ಮುಗಿದ ಕಡೆ ಉಪ್ಪಾಗಿ ಹೊರಬರುತ್ತದೆ. ನಮ್ಮ ಹಾಲಿನಲ್ಲಿ ಸರಿಯಾಗಿ ಆ ಎತ್ತರಕ್ಕೆ ಸುತ್ತಲೂ ಬಿಳಿ ಪಟ್ಟಿ ಎದ್ದಿತ್ತು. ಮುಟ್ಟಿದರೆ ಪುಡಿ ಉದುರುತ್ತಿತ್ತು.

ಸಿಮೆಂಟನ್ನು ಚಾಣದಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಆಮೇಲೆ ಮೇಸ್ತ್ರಿ ಗೋಡೆಯನ್ನು ಬರಿಮೈಯಲ್ಲೇ ಬಿಟ್ಟುಬಿಡಿ ಅಂದರು. ಒಂದು ಮಳೆಗಾಲ ಪೂರ್ತಿ. ಆರಲಿ, ಉಪ್ಪು ಬರುವಷ್ಟು ಬರಲಿ, ಪೊರಕೆಯಿಂದ ಗುಡಿಸುತ್ತಾ ಇರೋಣ ಅಂತ. ಆಗ ಟ್ರಸ್ಟಿನೊಳಗೆ ದೊಡ್ಡ ಬಿಕ್ಕಟ್ಟು ಬಂತು. ದುಡ್ಡು ಕೊಟ್ಟವರು ಬಂದು ನೋಡಿ, ಮೊದಲಿದ್ದದ್ದಕ್ಕಿಂತ ಹಾಳಾಗಿದೆಯಲ್ಲ ಅಂದರು. ಇಬ್ಬರು ಟ್ರಸ್ಟಿಗಳು ರಾಜೀನಾಮೆಯ ಮಾತಾಡಿದರು. ಸಿಮೆಂಟಾದರೆ ಒಂದು ತಿಂಗಳ ಕೆಲಸ.

ಮೇಸ್ತ್ರಿ ಯಾರ ಜೊತೆಗೂ ವಾದ ಮಾಡಲಿಲ್ಲ. ಗುಂಡಿ ತೆಗೆಸಿ, ಸುಟ್ಟ ಸುಣ್ಣ ಹಾಕಿ ನೀರು ಬಿಟ್ಟರು. ಕುದಿದು ಹೊಗೆಯೆದ್ದು ತಣ್ಣಗಾದ ಮೇಲೆ ಜರಡಿ ಹಿಡಿದು ಮುಚ್ಚಿಟ್ಟರು. ವಾರಗಟ್ಟಲೆ ನೆನೆದ ಮೇಲೆ ಅದು ಗಟ್ಟಿ ಮೊಸರಿನ ಹದಕ್ಕೆ ಬಂತು. ಅದಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಸಿದರು. ಅವರ ಜೊತೆಗಿದ್ದ ಹುಡುಗರಿಗೆ ಇದೆಲ್ಲ ಹೊಸದು. ಸಿಮೆಂಟಿನಲ್ಲಿ ಬೆಳಿಗ್ಗೆ ಬಳಿದದ್ದು ಸಂಜೆಗೆ ಗಟ್ಟಿಯಾಗುತ್ತದೆ. ಸುಣ್ಣ ಗಾಳಿಯನ್ನು ಕುಡಿದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಒಂದು ಪದರ ಬಳಿದು, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ಕಾಯಬೇಕು. ಒಬ್ಬ ಹುಡುಗ ಬೇಜಾರಾಗಿ ಕೆಲಸ ಬಿಟ್ಟ. ಇನ್ನೊಬ್ಬ ನಿಂತ. ಈಗ ಅವನೇ ಊರಿನ ಬೇರೆ ಹಳೇ ಮನೆಗಳ ಗಾರೆ ಕೆಲಸ ಹಿಡಿಯುತ್ತಾನೆ.

ಅರ್ಧ ಮುಗಿದ ಮನೆಯಲ್ಲಿ ಗೊಂಬೆ

ಪ್ರಕರಣದ ತಿರುವು ಇದೇ ಮಳೆಗಾಲದ ಕೊನೆಯಲ್ಲಿ ಬಂತು. ಎಲ್ಲ ಮುಗಿದ ಮೇಲೆ ಉದ್ಘಾಟನೆ ಮಾಡೋಣ ಅನ್ನುವುದು ಟ್ರಸ್ಟಿನ ನಿರ್ಧಾರವಾಗಿತ್ತು. ಅಜ್ಜಿ ಕೇಳಲಿಲ್ಲ. ದಸರೆಗೆ ಹಾಲಿನಲ್ಲಿ ಗೊಂಬೆ ಕೂರಿಸುತ್ತೇನೆ ಅಂದರು. ಗೋಡೆ ಹೀಗಿದೆ ಅಂದರೆ, "ಗೊಂಬೆಗೆ ಗೋಡೆ ಯಾಕೆ, ಮೆಟ್ಟಿಲು ಸಾಕು" ಅಂತ ಉತ್ತರ.

ಅವರ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಯಿತು. ಮದುವೆಯಲ್ಲಿ ತಂದಿದ್ದ ಪಟ್ಟದ ಗೊಂಬೆ ಜೋಡಿ, ಬಣ್ಣ ಉದುರಿದ ಮಣ್ಣಿನ ಶೆಟ್ಟಿ ದಂಪತಿ, ಗಾಜಿನ ಕಣ್ಣಿನ ಒಂದು ಹುಲಿ. ಗೊಂಬೆ ಸಾಲದೇ ಬೀದಿಯವರಿಗೆ ಹೇಳಿ ಕಳಿಸಿದರು. ಒಂದೊಂದು ಮನೆಯವರೂ ತಮ್ಮ ತಮ್ಮ ಗೊಂಬೆ ತಂದು ಕೂರಿಸಿದರು. ಸಂಜೆಗೆ ಸುಮಾರು ಬೀದಿಗಳ ಮಕ್ಕಳು ಗೊಂಬೆ ಬಾಗಿನಕ್ಕೆ ಬಂದರು. ಹಾವಿನ ದೂರು ಕೊಟ್ಟಿದ್ದ ಪಕ್ಕದ ಮನೆಯವರು ಕಡಲೆಕಾಳು ಉಸಲಿ ಮಾಡಿ ಕಳಿಸಿದರು. ಗೊಂಬೆ ನೋಡಲು ಬಂದವರು ಕತ್ತೆತ್ತಿ ಜಂತೆಗಳ ಮೇಲಿನ ಸೀಮೆಸುಣ್ಣದ ಗೆರೆ ಏನು ಅಂತ ಕೇಳಿದರು, ಮೇಸ್ತ್ರಿ ನಿಂತು ವಿವರಿಸಿದರು. ಗೋಡೆ ಯಾಕೆ ಬರಿಮೈ ಅನ್ನುವುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ಬಾಗಿಲು ಮುಚ್ಚಿಲ್ಲ. ವರಾಂಡದಲ್ಲಿ ಸಂಜೆ ಮಕ್ಕಳ ರಂಗ ತರಗತಿ, ಒಂದು ಕೋಣೆಯಲ್ಲಿ ವೀಣೆ ಪಾಠ, ಭಾನುವಾರ ಮೈಸೂರು ಶೈಲಿಯ ಚಿತ್ರಕಲೆ. ಕೆಲಸ ಒಂದು ಕಡೆ, ತಾಲೀಮು ಇನ್ನೊಂದು ಕಡೆ. ಧೂಳು, ಸದ್ದು, ಬೈಗುಳ ಎಲ್ಲ ಇತ್ತು. ಆದರೆ ಬಳಸುತ್ತಾ ಹೋದ ಹಾಗೆ ಮನೆಗೆ ನಿಜವಾಗಿ ಏನು ಬೇಕು ಅಂತ ಗೊತ್ತಾಯಿತು. ನಕ್ಷೆಯಲ್ಲಿ ಗ್ಯಾಲರಿ ಅಂತ ಬರೆದಿದ್ದ ಉತ್ತರದ ಕೋಣೆಯಲ್ಲಿ ಮೊದಲ ಪ್ರದರ್ಶನಕ್ಕೇ ಚಿತ್ರಗಳ ಹಿಂಬದಿಗೆ ಬೂಸ್ಟು ಹಿಡಿಯಿತು. ಅದು ಈಗ ನಾಟಕದ ತಾಲೀಮು ಕೋಣೆ. ಗ್ಯಾಲರಿ ಬಿಸಿಲು ಬೀಳುವ ಮೇಲಿನ ಪಡಸಾಲೆಗೆ ಹೋಯಿತು. ಗ್ರಂಥಾಲಯಕ್ಕೆ ಅಂತ ಇಟ್ಟ ಕೋಣೆಗೆ ಯಾರೂ ಬರಲಿಲ್ಲ, ಅಲ್ಲಿ ಕುರ್ಚಿ ಪೇರಿಸಿದ್ದೇವೆ. ಎಲ್ಲವನ್ನೂ ಮೊದಲೇ ಕಟ್ಟಿ ಮುಗಿಸಿದ್ದರೆ ಈ ಬದಲಾವಣೆಗಳಿಗೆ ಮತ್ತೆ ಗೋಡೆ ಒಡೆಯಬೇಕಿತ್ತು.

ಶೌಚಾಲಯ, ಸದ್ದು, ಸಂಬಳ

ಇಂಥ ಬರಹಗಳಲ್ಲಿ ಶೌಚಾಲಯದ ಮಾತು ಬರುವುದೇ ಇಲ್ಲ. ನೂರು ಜನ ಬರುವ ಜಾಗಕ್ಕೆ ಅದಿಲ್ಲದೆ ಹೇಗೆ? ಹಳೆಯ ಚರಂಡಿ ಹಿಂದಿನ ಜಾಗದ ಮೂಲಕ ಹೋಗುತ್ತಿತ್ತು, ಅದು ನಾಲ್ಕನೇ ಕವಲಿನವರದ್ದು. ಅವರು ಬಿಡಲಿಲ್ಲ. ಕೊನೆಗೆ ಸಾರೋಟಿನ ಕೊಟ್ಟಿಗೆಯೊಳಗೆ, ಹಳೆಯ ಗೋಡೆಗೆ ತಾಗದ ಹಾಗೆ, ಬೇರೆ ಗೋಡೆ ಎಬ್ಬಿಸಿ ಶೌಚಾಲಯ ಕಟ್ಟಿದೆವು. ಅಲ್ಲಿಂದ ಮುಂದಿನ ರಸ್ತೆಯ ಒಳಚರಂಡಿಗೆ ಕೊಳವೆ ನೇರ. ನಾಳೆ ಬೇಡವೆಂದರೆ ಪೂರ್ತಿ ಬಿಚ್ಚಬಹುದು. ಗಾಲಿಕುರ್ಚಿಗೆ ಇಳಿಜಾರೂ ಅಲ್ಲಿಂದಲೇ ಬಂತು. ಸಾರೋಟು ಹತ್ತಲು ಮಾಡಿದ ಏರು ಅಲ್ಲಿ ಮೊದಲೇ ಇತ್ತು.

ಸದ್ದಿನ ಜಗಳ ಮೊದಲ ಬಯಲು ಕಾರ್ಯಕ್ರಮಕ್ಕೇ ಬಂತು. ದೊಡ್ಡ ಸ್ಪೀಕರ್ ಇಟ್ಟು ರಾತ್ರಿ ತನಕ ಹಾಡಿಸಿದರು, ಬೀದಿಯ ವಯಸ್ಸಾದವರು ಪೊಲೀಸರಿಗೆ ಫೋನ್ ಮಾಡಿದರು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಟ್ರಸ್ಟ್ ಅದಕ್ಕಿಂತ ಬಿಗಿ ಮಾಡಿಕೊಂಡಿತು. ಸಂಗೀತಕ್ಕೆ ಮೈಕ್ ಇಲ್ಲ, ತೊಟ್ಟಿಯ ಸುತ್ತ ಕೂತು ಕೇಳುವುದು, 8.30ಕ್ಕೆ ಮುಗಿಸುವುದು. ಕಲಾವಿದರು ಗೊಣಗಿದರು. ಆದರೆ ತೊಟ್ಟಿಯಲ್ಲಿ ಬರೀ ವೀಣೆ ಕೇಳಿದ ಮೇಲೆ ಮೈಕ್ ಬೇಕು ಅಂದವರಿಲ್ಲ.

ಇನ್ನು ದುಡ್ಡು. 2013ರ ಕಂಪನಿ ಕಾಯ್ದೆಯಲ್ಲಿ ಸಿಎಸ್ಆರ್ ಹಣವನ್ನು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡುವ ಹಣವನ್ನು, ಚಾರಿತ್ರಿಕ ಕಟ್ಟಡಗಳ ದುರಸ್ತಿಗೆ, ಕಲೆಗೆ ಬಳಸಲು ಅವಕಾಶ ಇದೆ. ಒಂದು ಕಂಪನಿ ಮುಂದೆ ಬಂತು. ಆದರೆ ನಮ್ಮದು ಹೊಸ ಟ್ರಸ್ಟ್. ಅಂಥ ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ (ಮೊದಲನೆಯದು ಟ್ರಸ್ಟಿನ ಆದಾಯಕ್ಕೆ, ಎರಡನೆಯದು ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಬೇಕಿತ್ತು, ಅಂಥದ್ದೇ ಕೆಲಸ ಮೂರು ವರ್ಷ ಮಾಡಿದ ದಾಖಲೆ ಬೇಕಿತ್ತು, 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್ಆರ್-1 ನೋಂದಣಿಯೂ ಬೇಕಿತ್ತು. ಎಲ್ಲ ಇದ್ದ ಹಳೆಯ ಸಂಗೀತ ಸಭೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಆ ಹಣ ತಂದೆವು. ಗಿಲಾವು, ವೈರಿಂಗ್, ಶೌಚಾಲಯ ಅದರಲ್ಲಿ ಆಯಿತು. ಹೊಸದಾಗಿ ಟ್ರಸ್ಟ್ ಮಾಡುವವರು ನೋಂದಣಿ ಅರ್ಜಿಗಳನ್ನು ಮೊದಲ ತಿಂಗಳೇ ಹಾಕುವುದು ಒಳ್ಳೆಯದು. ಕಟ್ಟಡದ ಕೆಲಸಕ್ಕಿಂತ ಅದೇ ನಿಧಾನ.

ಕಂಪನಿಗಳು ಗೋಡೆಗೆ ಕೊಡುತ್ತವೆ, ಕಸ ಗುಡಿಸುವವರ ಸಂಬಳಕ್ಕೆ ಕೊಡುವುದಿಲ್ಲ. ಕಾವಲುಗಾರನ ಸಂಬಳ, ಕರೆಂಟು, ನೀರು, ಮಳೆಗಾಲಕ್ಕೆ ಮುಂಚೆ ಚಾವಣಿ ಗುಡಿಸಿ ಅರಳಿ ಸಸಿ ಕಿತ್ತು ಮೋರಿ ಬಿಡಿಸುವ ಕೂಲಿ, ಇವು ತಿಂಗಳು ತಿಂಗಳೂ ನಿಲ್ಲದ ಖರ್ಚು. ತಾಲೀಮು ಕೋಣೆಗಳ ಸಣ್ಣ ಬಾಡಿಗೆಯಿಂದ ಅರ್ಧ ಬರುತ್ತಿತ್ತು. ಉಳಿದರ್ಧಕ್ಕೆ ದಾರಿ ತೋರಿಸಿದ್ದು ಮದುವೆಗೆ ಮುಂಚಿನ ಫೋಟೊ ಶೂಟ್. ಬಣ್ಣದ ಗಾಜಿನ ಕಿಟಕಿ ಮುಂದೆ ನಿಲ್ಲಲು ಜೋಡಿಗಳು ಸಾಲು ಹಿಡಿದು ಬಂದವು. ಕಲಾಕೇಂದ್ರಕ್ಕೆ ಇದು ಅವಮಾನ ಅಂತ ರಂಗದವರು ಮುಖ ತಿರುಗಿಸಿದರು. ನಾನು ಕಂಪ್ಯೂಟರಿನಲ್ಲಿ ಲೆಕ್ಕದ ಟ್ಯಾಲಿ ತೆರೆದು ತೋರಿಸಿದೆ. ವಾರದ ದಿನ ಬೆಳಿಗ್ಗೆ ಮಾತ್ರ, ತರಗತಿ ಇಲ್ಲದ ಹೊತ್ತಲ್ಲಿ, ಹೊಗೆ ಬಾಂಬು, ನೀರು, ಬಣ್ಣದ ಪುಡಿ ಇಲ್ಲದೆ ಅಂತ ಕರಾರು ಮಾಡಿ ಒಪ್ಪಿಕೊಂಡರು. ಈಗ ಆ ಆದಾಯವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಚಾವಣಿ ನಿರ್ವಹಣೆಗೆ ಮಾತ್ರ ಬಳಸುತ್ತೇವೆ. ಪ್ರತಿ ಮೇ ತಿಂಗಳ ಮಳೆಗೆ ಮುಂಚೆ ಮೇಸ್ತ್ರಿಯ ಶಿಷ್ಯ ಬಂದು ಹತ್ತಿ ನೋಡುತ್ತಾನೆ.

ಈಗ ಎಲ್ಲಿದೆ

ನಾಲ್ಕನೇ ಕವಲಿನವರ ದಾವೆ ಇನ್ನೂ ನಡೆಯುತ್ತಿದೆ. ತಡೆಯಾಜ್ಞೆ ಇಲ್ಲದ್ದರಿಂದ ಕೇಂದ್ರ ನಡೆಯುತ್ತಿದೆ, ಆದರೆ ತೀರ್ಪು ಹೇಗೂ ಬರಬಹುದು. ಅದಕ್ಕೇ ತೊಟ್ಟಿಯ ಹಿಂದೆ ಅವರ ಪಾಲಿಗೆ ಹೊಂದಿಕೊಂಡಿರುವ ಗೋಡೆಗೆ ಟ್ರಸ್ಟ್ ದೊಡ್ಡ ದುಡ್ಡು ಹಾಕಿಲ್ಲ, ಆಸರೆ ಕೊಟ್ಟು ನಿಲ್ಲಿಸಿದೆ ಅಷ್ಟೇ. ಗುತ್ತಿಗೆ ಮುಗಿದಾಗ ಮೂರು ಕವಲಿನ ಮುಂದಿನ ತಲೆಮಾರು ಏನು ಹೇಳುತ್ತದೋ ಅನ್ನುವ ಪ್ರಶ್ನೆಯೂ ಇದೆ. ನವೀಕರಣಕ್ಕೆ ಎರಡು ವರ್ಷ ಮೊದಲೇ ಮಾತುಕತೆ ಶುರುವಾಗಬೇಕು ಅಂತ ಕರಾರಿನಲ್ಲೇ ಬರೆಸಿದ್ದೇವೆ. ಅಮೆರಿಕದ ಮೊಮ್ಮಗಳೊಬ್ಬಳನ್ನು ಈ ವರ್ಷ ಟ್ರಸ್ಟಿಗೆ ಸೇರಿಸಿಕೊಂಡದ್ದೂ ಅದಕ್ಕೇ. ಮೊದಲ ಸಭೆಗೆ ಅವಳು ಆನ್‌ಲೈನ್‌ನಲ್ಲಿ ಬಂದು ಕೇಳಿದ್ದು, ಗ್ರಂಥಾಲಯದ ಕೋಣೆಯಲ್ಲಿ ಕುರ್ಚಿ ಯಾಕೆ ಪೇರಿಸಿದ್ದೀರಿ, ಅದನ್ನು ಹೊರಗಿನಿಂದ ಬರುವ ಕಲಾವಿದರು ಉಳಿದುಕೊಳ್ಳಲು ಕೊಡಬಾರದಾ ಅಂತ. ಅದರ ಅಂದಾಜು ಪಟ್ಟಿ ಈಗ ನನ್ನ ಮೇಜಿನ ಮೇಲಿದೆ. ಹಾಸಿಗೆ, ಫ್ಯಾನು, ಸೊಳ್ಳೆಪರದೆಗೆ ತೊಂದರೆ ಇಲ್ಲ. ಸ್ನಾನದ ನೀರನ್ನು ಯಾವ ಕಡೆಯಿಂದ ಹೊರಗೆ ಬಿಡುವುದು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.